ಗೆರೆಯಕ್ಕ ಬರೆದ ನಲವತ್ತಮೂರು ಚುಕ್ಕಿ

ಫೋನ್ ಕಂಪನಿಯ ನಕ್ಷೆ ಕೋಣೆಯಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಅಂತಲೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಎಂಟು ವರ್ಷ ಅಕ್ಕನ ಮನೆಯಲ್ಲಿದ್ದವಳು. ಗಣಿತ ಓದಿದ್ದಾಳೆ ಅಂತ ಕಂಡಕಂಡವರ ಕೈಕಾಲು ಹಿಡಿದು ಇಲ್ಲಿ ಕೆಲಸ ಕೊಡಿಸಿದ್ದು ಅಕ್ಕನ ಗಂಡ. ಭಾವ ಅದೇ ಕಂಪನಿಯಲ್ಲಿ ಕೇಬಲ್ ಜೋಡಿಸುತ್ತಿದ್ದ. ಬೆರಳು ನಜ್ಜುಗುಜ್ಜಾದ ಮೇಲೆ ಗೋದಾಮಿಗೆ ಹಾಕಿದ್ದರು.

ಟವರಿಗೊಂದು ಚುಕ್ಕಿ, ಕೇಬಲ್ಲಿಗೊಂದು ಗೆರೆ. ಯಾವ ಗೆರೆ ಕಡಿದರೆ ಊರು ಎರಡು ಹೋಳಾಗುತ್ತದೆ ಅಂತ ಹುಡುಕಿ, ಅಲ್ಲಿಗೆ ಇನ್ನೊಂದು ದಾರಿ ತೋರಿಸುವುದು ಅವಳ ಕೆಲಸ. ಆರು ಸೆಕೆಂಡಿಗೊಮ್ಮೆ, ಎಂಟು ಸೆಕೆಂಡಿಗೊಮ್ಮೆ ಸಂದೇಶ ಕಳಿಸುವ ಎರಡು ಟವರ್‌ಗಳು ಇದ್ದವು, ಪ್ರತಿ ಇಪ್ಪತ್ನಾಲ್ಕು ಸೆಕೆಂಡಿಗೊಮ್ಮೆ ಅವುಗಳ ಸಂದೇಶಗಳು ಡಿಕ್ಕಿ ಹೊಡೆಯುತ್ತಿದ್ದವು. ಅವಳು ಏಳು, ಹನ್ನೊಂದು ಅಂತ ಅವಿಭಾಜ್ಯ ಸಂಖ್ಯೆ ಕೊಟ್ಟಳು. ಡಿಕ್ಕಿ ಎಪ್ಪತ್ತೇಳಕ್ಕೆ ಹೋಯಿತು. ಹೊಸ ಮ್ಯಾನೇಜರ್ ಅವಳನ್ನು ಗಮನಿಸಿದ್ದು ಆಗಲೇ.

"ಈ ಲೆಕ್ಕ ಮನುಷ್ಯರಿಗೂ ನಡೆಯುತ್ತಾ ಮೇಡಂ?"

"ನಡೆಯುತ್ತೆ ಸಾರ್."

"ಹಾಗಾದ್ರೆ ನಮ್ಮ ನಲವತ್ತಮೂರು ಜನರನ್ನೂ ಬರೀರಿ. ಯಾರ ಕೆಲಸ ಯಾರಿಗೆ ಬೇಕು ಅಂತ. ಯಾರನ್ನ ತೆಗೆದ್ರೂ ಉಳಿದಿದ್ದು ಬಿಡಿಬಿಡಿ ಆಗಲ್ವೋ, ಅವರಿಗೆ ಕೆಂಪು ಹಾಕಿ."

ಕೆಲಸದಿಂದ ತೆಗೆಯೋಕೆ ಅಂತ ಅವಳಿಗೆ ಗೊತ್ತಿತ್ತು. ಆರು ದಿನ ಊಟ ಮರೆತು ಕೂತಳು. ಗೋದಾಮಿನಲ್ಲಿದ್ದ ಭಾವನ ಚುಕ್ಕಿಯಿಂದ ಹೊರಟದ್ದು ಒಂದೇ ಗೆರೆ. ಅದು ಬಂದು ನಿಂತದ್ದು ಅವಳ ಚುಕ್ಕಿಯ ಹತ್ತಿರ. ಇನ್ನೊಂದು ಸುಳ್ಳು ಗೆರೆ ಎಳೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ನಕ್ಷೆ ಕೆಡಿಸಲು ಮನಸ್ಸು ಬರಲಿಲ್ಲ. ಕೆಂಪು ಹಾಕಿದಳು.

ಮ್ಯಾನೇಜರ್ ಭಾವನನ್ನು ಕರೆಸಿ, ಅವಳ ಕಡೆ ತಿರುಗಿದ. "ನೀವೇ ಹೇಳಿ ಮೇಡಂ. ಮನೆಯವರು ಹೇಳಿದ್ರೆ ಬೇಗ ತಲೆಗೆ ಹೋಗುತ್ತೆ."

ಭಾವ ಕಾಗದದ ಮೇಲೆ ಬಗ್ಗಿದ. "ಇದು ನಾನಾ?"

"ಹೂಂ ಭಾವ."

"ತೆಗೆದ್ರೆ ಏನೂ ಆಗಲ್ವಾ?"

"ಉಳಿದವರಿಗೆ ಏನೂ ಆಗಲ್ಲ."

ಅವನು ಇನ್ನೊಂದು ಸಲ ನೋಡಿದ. "ಚೆನ್ನಾಗಿ ಬರ್ದಿದೀಯಮ್ಮ," ಅಂದು ಗೋದಾಮಿನ ಬೀಗದಕೈ ಮೇಜಿನ ಮೇಲಿಟ್ಟು ಹೊರಟ. ಇಪ್ಪತ್ತಾರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಸಂಜೆ ಅವಳು ಅಕ್ಕನ ಮನೆಗೆ ಹೋದಳು. ಅಕ್ಕ ಬಾಗಿಲಲ್ಲೇ ನಿಂತಳು, ಒಳಗೆ ಬಾ ಅನ್ನಲಿಲ್ಲ. "ಎಂಟು ವರ್ಷ ಇಲ್ಲಿದ್ಯಲ್ಲ, ನಿನ್ನಿಂದ ಈ ಮನೆಗೆ ಏನಾಗ್ಬೇಕಿತ್ತು? ತೆಗೆದು ಹಾಕಿದ್ವಾ?"

ಅಕ್ಕ ಬಾಗಿಲು ಹಾಕಿಕೊಂಡಳು.

ಕೆಂಪು ಬಿದ್ದ ಒಂಬತ್ತು ಜನರೂ ಹೋದರು. ಗೆರೆಯಕ್ಕನಿಗೆ ಬಡ್ತಿ ಸಿಕ್ಕಿತು, ಕಿಟಕಿ ಪಕ್ಕದ ಮೇಜೂ ಸಿಕ್ಕಿತು. ಮರುವರ್ಷ ಹೊಸ ಕೇಬಲ್ ದಾರಿ ನೋಡಲು ಒಂದು ಬ್ಯಾಂಕಿಗೆ ಹೋದಾಗ ಗೇಟಿನ ಹತ್ತಿರ ಕಾವಲುಗಾರ ಎದ್ದು ನಿಂತ. ಭಾವ. "ಎಲ್ಲಿಂದ ಬಂದಿದೀರಿ ಮೇಡಂ? ಇಲ್ಲಿ ಸಹಿ ಮಾಡಿ," ಅಂತ ಪುಸ್ತಕ ಮುಂದೆ ಹಿಡಿದ. ಅವಳು ಹೆಸರು ಬರೆದಳು. ಅವನು ಅದನ್ನು ಓದಿ, ಗೇಟು ತೆಗೆದ.