ಅಣ್ಣ ಹೊಸಕುತ್ತಿದ್ದ ಕೆಂಪು ಅಣಬೆ

ನಮ್ಮಣ್ಣ ಫಾರೆಸ್ಟ್ ಗಾರ್ಡ್. ಊರಂಚಿನ ಕಾಡನ್ನು ಮೂವತ್ತು ವರ್ಷದಿಂದ ಕಾಯುತ್ತಿದ್ದಾನೆ. ಅವನ ಸೈಕಲ್ ಬೆಲ್ ಕೇಳಿದರೆ ಸಾಕು, ಮರ ಕಡಿಯುವವರು ಕೊಡಲಿ ಬಿಟ್ಟು ಪರಾರಿ. ಅಂಥವನು ಅಂಗೈಯಗಲದ ಅಣಬೆಗೆ ಹೆದರುತ್ತಿದ್ದ ಅಂದರೆ ಯಾರು ನಂಬುತ್ತಾರೆ?

ಮಳೆ ಬಿಟ್ಟ ಮೇಲೆ ಮರಗಳ ಬುಡದಲ್ಲಿ ಅದು ಏಳುತ್ತದೆ. ಕಡುಗೆಂಪು ಟೋಪಿ, ಮೇಲೆ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ. ನೋಡಲು ಬಲು ಚೆಂದ, ತಿಂದರೆ ವಿಷ. ನನ್ನ ಎರಡನೇ ತರಗತಿಯ ಮಕ್ಕಳನ್ನು ಕಾಡು ತೋರಿಸಲು ನಾನು ಕರೆದೊಯ್ಯುವುದೂ ಅದೇ ಸಮಯಕ್ಕೆ. ಪ್ರತಿ ವರ್ಷ ಹಿಂದಿನ ದಿನವೇ ಅಣ್ಣ ಕಾಲುದಾರಿಯುದ್ದಕ್ಕೂ ನಡೆದು, ಕಂಡ ಕೆಂಪು ಅಣಬೆಯನ್ನೆಲ್ಲ ಬೂಟಿನಿಂದ ಹೊಸಕಿ, ಮೇಲೆ ತರಗೆಲೆ ಎಳೆದುಬಿಡುತ್ತಿದ್ದ.

"ತೋರಿಸಿ ಹೇಳ್ಕೊಡೋಣ ಕಣೋ ಅಣ್ಣ" ಅನ್ನುತ್ತಿದ್ದೆ.

"ನೀನು ಪಾಠ ಮಾಡ್ಕೋ, ಕಾಡು ನನಗೆ ಬಿಡು."

ಹಿಡಿದ ಪಟ್ಟು ಬಿಡುವ ಜಾಯಮಾನವೇ ಅಲ್ಲ ಅವನದು. ಮಾತಾಡಿ ಪ್ರಯೋಜನವಿಲ್ಲವೆಂದು ನಾನೂ ಸುಮ್ಮನಾಗುತ್ತಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಸರಿಯಾಗಿ ಅದೇ ಹೊತ್ತಿಗೆ ಅವನ ಸೊಂಟ ಹಿಡಿದುಕೊಂಡು ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಆ ಸಲ ಅವನ ಮೊಮ್ಮಗಳೂ ನನ್ನ ತರಗತಿಯಲ್ಲೇ ಇದ್ದಳು. ಮನೆಯಲ್ಲಿ ನನ್ನನ್ನು ಅಜ್ಜಿ ಎನ್ನುವವಳು ಶಾಲೆಯಲ್ಲಿ ಬಲು ಗತ್ತಿನಿಂದ ಮಿಸ್ ಎನ್ನುತ್ತಿದ್ದಳು. ಕಾಡಿನಲ್ಲಿ ಮಕ್ಕಳನ್ನು ಎಣಿಸುತ್ತೇನೆ, ಒಂದು ತಲೆ ಕಮ್ಮಿ. ತಿರುಗಿ ನೋಡಿದರೆ ಇವಳು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈಯಲ್ಲಿ ಅಣಬೆಯ ಕೆಂಪು ಚೂರು, ಕೈ ಬಾಯಿಯ ಹತ್ತಿರ.

ಓಡಿಹೋಗಿ ಅವಳ ಕೈ ಕೊಡವಿದೆ, ಬಾಯಿ ತೆರೆಸಿ ನಾಲಿಗೆ ನೋಡಿದೆ. ಪುಣ್ಯಕ್ಕೆ ಒಳಗೆ ಏನೂ ಹೋಗಿರಲಿಲ್ಲ. ಅವಳ ಕೈಯನ್ನು ಎರಡೆರಡು ಸಲ ತೊಳೆಸಿದೆ. ಅವಳು ಅಳಲಿಲ್ಲ, ನನ್ನ ಮೇಲೇ ರೇಗಿದಳು.

"ನಮ್ಮ ಕಾಡಲ್ಲಿ ಕೆಟ್ಟದ್ದು ಏನೂ ಇಲ್ಲ ಅಂತ ತಾತಾನೇ ಹೇಳಿದಾರೆ ಮಿಸ್."

ಸಂಜೆ ಅಣ್ಣನ ಹಾಸಿಗೆ ಪಕ್ಕ ಕೂತು, ನಡೆದದ್ದನ್ನೂ ಆ ಮಾತನ್ನೂ ಒಂದಕ್ಷರ ಬಿಡದೆ ಹೇಳಿದೆ. ಚೆನ್ನಾಗಿ ಬೈಯಬೇಕೆಂದೇ ಹೋಗಿದ್ದೆ, ಅವನ ಮುಖ ನೋಡಿ ಹೊದಿಕೆ ಸರಿಮಾಡಿದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ.

ವಾರದ ನಂತರ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಅವನೇ ಮಕ್ಕಳನ್ನು ಕರೆದೊಯ್ದ. ಒಂದು ಕೆಂಪು ಅಣಬೆಯ ಸುತ್ತ ಎಲ್ಲರನ್ನೂ ಕೂರಿಸಿದ.

"ಕಣ್ಣಿಂದ ಎಷ್ಟು ಬೇಕಾದ್ರೂ ನೋಡಿ, ಕೈ ಮಾತ್ರ ಹಿಂದೆ ಕಟ್ಕೊಳ್ಳಿ. ಇದು ವಿಷ. ಕಾಡಲ್ಲಿ ಯಾವ ಅಣಬೆನೂ ಬಾಯಿಗೆ ಹಾಕ್ಬಾರ್ದು. ಚೆಂದ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಕಡ್ಡಿಯಿಂದ ಟೋಪಿ ಎತ್ತಿ ಅಡಿಯಲ್ಲಿ ಪುಸ್ತಕದ ಹಾಳೆಯಂತಿದ್ದ ಪದರ ತೋರಿಸಿದ. ಮೊಟ್ಟೆಯ ಹಾಗೆ ಆಗತಾನೇ ಮಣ್ಣಿನಿಂದ ತಲೆ ಎತ್ತುತ್ತಿದ್ದ ಮರಿ ಅಣಬೆ ತೋರಿಸಿದ. ಹೊಸಕುವವನಿಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೆ ಆವತ್ತೇ ತಿಳಿದದ್ದು.

ಮೊಮ್ಮಗಳು ಕೇಳಿದಳು, "ಮತ್ತೆ ಮೊದಲೇ ಯಾಕೆ ತೋರಿಸ್ಲಿಲ್ಲ ತಾತ?"

"ನಿನಗೇನಾದ್ರೂ ಆಗುತ್ತೆ ಅಂತ ಹೆದರಿದ್ದೆ ಮಗಳೇ."

"ಆಗೋದ್ರಲ್ಲಿತ್ತಲ್ಲ" ಅಂದಳು.

"ಹೂಂ. ನನ್ನಿಂದಲೇ ಆಗೋದ್ರಲ್ಲಿತ್ತು" ಅಂದ ಅಣ್ಣ, ಅಷ್ಟೂ ಮಕ್ಕಳ ಎದುರಿಗೆ.