ನಾಲ್ಕು ತಾಲೂಕಿಗೊಂದು ಮ್ಯಾಟ್

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣದ ಮೇಡಂ. ಆಡಿ ಬೆಳೆದದ್ದು ಕಬಡ್ಡಿ. ಕುಸ್ತಿಯ ಗಂಧಗಾಳಿ ಇರಲಿಲ್ಲ. ನನ್ನನ್ನು ಅದರೊಳಗೆ ಎಳೆದವಳು ಅಗರಖೇಡದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಬಿ.ಎ. ಎರಡನೆಯ ವರ್ಷದ ಹುಡುಗಿ. ಒಂದು ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನಮ್ಮ ಕಾಲೇಜಿನ್ಯಾಗ ಕುಸ್ತಿ ಯಾಕ ಇಲ್ರಿ?"

"ಯಾರು ಆಡ್ತಾರವಾ?"

"ನಾ ಆಡ್ತೇನಲ್ರಿ."

ಪೈಲ್ವಾನರಾಗಿದ್ದ ಅವಳ ಅಜ್ಜ ಭೀಮಾ ನದಿಯ ಉಸುಕಿನಲ್ಲಿ ಅವಳಿಗೆ ಪಟ್ಟು ಕಲಿಸಿದ್ದರು. ಗರಡಿಯ ಮಣ್ಣಿಗೆ ಹೆಣ್ಣುಮಕ್ಕಳು ಇಳಿಯುವ ರೂಢಿ ಇರಲಿಲ್ಲ. ಈಗ ಅಜ್ಜನ ಮೊಣಕಾಲು ಮಡಚುತ್ತಿರಲಿಲ್ಲ, ಅವಳಿಗೆ ಎದುರಾಳಿಯೇ ಇರಲಿಲ್ಲ.

ಅದೇ ತಿಂಗಳು ಸುತ್ತೋಲೆ ಬಂತು. ಕಾಲೇಜುಗಳಲ್ಲಿ ಕುಸ್ತಿ ಬೆಳೆಸಲು ಸರ್ಕಾರದ ಅನುದಾನ: ಮ್ಯಾಟು, ಬೂಟು, ವಾರಕ್ಕೊಮ್ಮೆ ತರಬೇತುದಾರ. ಆದರೆ ಕುಸ್ತಿ ಬಲ್ಲ ಹುಡುಗಿಯರು ಆರು ಮಂದಿಯಾದರೂ ಇರಬೇಕು. ನನ್ನ ಹತ್ತಿರ ಇದ್ದವಳು ಒಬ್ಬಳು.

ಪ್ರಾಚಾರ್ಯರು ಅರ್ಜಿ ನೋಡಿ, "ಕಬಡ್ಡಿ ಹುಡುಗ್ಯಾರ ಹೆಸರು ಬರೀರಿ ಮೇಡಂ. ಮ್ಯಾಟ್ ಬಂದ ಮ್ಯಾಲೆ ಕಲೀತಾರ," ಅಂದರು.

ಐದು ಹೆಸರು ಬರೆದು ಸಹಿ ಹಾಕಿದೆ. ಅಂದಿನಿಂದ ಕುಂತಲ್ಲಿ ಕೂರಲಾಗಲಿಲ್ಲ. ಗೇಟಿನಲ್ಲಿ ಜೀಪಿನ ಸದ್ದಾದರೆ, ಪರಿಶೀಲನೆಯವರು ಬಂದರೇನೋ ಎಂದು ಪಾಠ ನಿಲ್ಲಿಸಿ ನೋಡುತ್ತಿದ್ದೆ. ಆ ಐವರಿಗೆ ಜಮಖಾನೆ ಹಾಸಿ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು, ಬೀಳುವುದನ್ನು ಕಲಿಸಲು ಹೋದೆ. ಒಬ್ಬಳ ಕುತ್ತಿಗೆ ಹಿಡಿಯಿತು. ಮರುದಿನ ಅವಳ ತಾಯಿ ಬಂದು, "ನನ್ನ ಮಗಳು ಕಬಡ್ಡಿ ಆಡಾಕತ್ಯಾಳ ಅಂತ ತಿಳ್ಕೊಂಡಿದ್ನಲ್ರಿ," ಎಂದಾಗ ತಲೆ ಎತ್ತಲಾಗಲಿಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ಹಳೆಯ ಪೈಲ್ವಾನರು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಕಿವಿಗಳು ದಪ್ಪಗೆ ಮುದುಡಿದ್ದವು. ಹುಡುಗಿಯರನ್ನು ಜೋಡಿ ಮಾಡಿ ನಿಲ್ಲಿಸಿದರು. ಅಗರಖೇಡದವಳು ಬಾಗಿ ಎದುರಿನವಳ ಕಾಲು ಹಿಡಿದಳು. ಹಿಡಿಸಿಕೊಂಡವಳು ನೆಲಕ್ಕೆ ಬಿದ್ದು, ಕಬಡ್ಡಿಯ ನಡುಗೆರೆ ಮುಟ್ಟುವವಳ ಹಾಗೆ ಕೈ ಚಾಚಿ ತೆವಳತೊಡಗಿದಳು. ಅಲ್ಲಿ ಗೆರೆಯೇ ಇರಲಿಲ್ಲ. ಯಾರೂ ನಗಲಿಲ್ಲ.

ಅಧಿಕಾರಿ ಪೆನ್ನು ಜೇಬಿಗೆ ಸಿಕ್ಕಿಸಿದರು. "ಇವರೊಳಗ ಕುಸ್ತಿ ಕಲಿತವ್ರು ಎಷ್ಟು ಮಂದಿ ಮೇಡಂ?"

ಪ್ರಾಚಾರ್ಯರು ಗೋಡೆ ನೋಡುತ್ತಿದ್ದರು. "ಒಬ್ಬಾಕಿ ರೀ ಸರ್," ಎಂದೆ.

"ಆಕಿ ಖರೇ ಪೈಲ್ವಾನ್ ಅದಾಳ. ಆಕಿ ಹಾದಿಗೆ ನೀವ ಅಡ್ಡ ನಿಂತ್ರಿ ನೋಡ್ರಿ."

ಅರ್ಜಿ ತಿರಸ್ಕಾರವಾಯಿತು. ನಾಲ್ಕನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯ ಪಕ್ಕ ಕೂತೆ.

"ನಾ ಒಬ್ಬಾಕಿನ ಅಂತ ಬರೀಬೇಕಿತ್ರಿ," ಎಂದಳು, ಬಸ್ಸುಗಳ ಕಡೆ ನೋಡುತ್ತ. "ಕೊಡದಿದ್ರ ಬಿಡ್ತಿದ್ರು. ಈಗ ನನ್ನ ಹೆಸರೂ ಸುಳ್ಳಿನ್ಯಾಗ ಕೂಡ್ತು."

ಆ ಐತವಾರದ ರಜೆಗೆ ಮನೆಯಲ್ಲಿ ಇರಲಾಗದೆ, ನಿಜಕ್ಕೂ ಕುಸ್ತಿ ಬಲ್ಲವರನ್ನು ಹುಡುಕಲು ಸಿಂದಗಿಯ ಬಸ್ಸು ಹತ್ತಿದೆ. ಅಲ್ಲಿನ ಕಾಲೇಜಿನಲ್ಲಿ ಕಲಿಸುವ ಗೆಳತಿ ತನ್ನಲ್ಲಿ ಓದುವ ಇಬ್ಬರು ಅಕ್ಕತಂಗಿಯರನ್ನು ತೋರಿಸಿದಳು. ಹೊಟ್ಟು ತುಂಬಿದ ಚೀಲವನ್ನು ಎತ್ತಿ ಒಗೆದು ಅಭ್ಯಾಸ ಮಾಡುತ್ತಿದ್ದರು. ಮುಂದಿನ ವಾರ ಮುದ್ದೇಬಿಹಾಳದ ಕಾಲೇಜಿನಲ್ಲಿ, ಅಣ್ಣಂದಿರ ಜೊತೆ ಹಿಡಿದಾಡಿ ಕಲಿತವಳೊಬ್ಬಳು ಸಿಕ್ಕಳು. ಬಸವನ ಬಾಗೇವಾಡಿಯ ಕಾಲೇಜಿಗೆ ಗೊಳಸಂಗಿಯಿಂದ ಬರುವವರು ಇಬ್ಬರು. ನಮ್ಮವಳೂ ಸೇರಿ ಆರು. ನಾಲ್ಕೂ ಕಾಲೇಜಿನ ಹೆಸರಿನಲ್ಲಿ ಒಂದೇ ಅರ್ಜಿ ಬರೆದೆ.

ಅನುದಾನ ಕೊಡುವ ಕಚೇರಿಯ ಗುಮಾಸ್ತರು ಅದನ್ನು ಹಿಂದಕ್ಕೆ ಸರಿಸಿದರು. "ಹಿಂಗ ಕೂಡಿ ಕೇಳಾಕ ನಿಯಮ ಇಲ್ರಿ."

"ಕೇಳಬಾರದು ಅಂತ ಐತೇನ್ರಿ?"

ಅವರು ನಿಯಮ ಹುಡುಕುವುದರಲ್ಲಿ ಮಳೆಗಾಲ ಕಳೆಯಿತು. ಅವರು ಕರೆದಾಗಲೂ ಹೋದೆ, ಕರೆಯದಾಗಲೂ ಹೋದೆ. ಕೊನೆಗೆ ಅದೇ ಅಧಿಕಾರಿ ಬಂದು, ಆರೂ ಜನರನ್ನು ಒಬ್ಬೊಬ್ಬರಾಗಿ ಆಡಿಸಿ ನೋಡಿ, ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು.

ದೊಡ್ಡ ಸಭಾಂಗಣ ಇದ್ದದ್ದು ಬಾಗೇವಾಡಿಯಲ್ಲಿ. ಮ್ಯಾಟು ಅಲ್ಲಿಗೇ ಬಂತು. ಅಷ್ಟರಲ್ಲಿ ನಮ್ಮ ಹುಡುಗಿ ಕೊನೆಯ ಸೆಮಿಸ್ಟರಿನಲ್ಲಿದ್ದಳು. ಪ್ರತಿ ಐತವಾರ ನಾವಿಬ್ಬರೂ ವಿಜಯಪುರದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆವು. ಮೊದಲ ದಿನ ಅವಳು ಮ್ಯಾಟಿಗೆ ಅಂಗೈ ಒತ್ತಿ ನೋಡಿ, "ಉಸುಕಿನಂಗ ಜಾರಂಗಿಲ್ರಿ ಇದು," ಎಂದಳು. ನನ್ನ ಆ ಸುಳ್ಳು ಅರ್ಜಿಯನ್ನು ಅವಳು ಮರೆತಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ.

ವಿಶ್ವವಿದ್ಯಾಲಯದ ಸ್ಪರ್ಧೆಯಲ್ಲಿ ಎರಡು ಕುಸ್ತಿ ಗೆದ್ದು ಮೂರನೆಯದರಲ್ಲಿ ಚಿತ್ತಾದಳು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ನೀರು ಕುಡಿದು ಬಾಯಿ ಒರೆಸಿಕೊಂಡು, "ಬರೂ ಐತವಾರ ಪ್ರಾಕ್ಟೀಸ್ ಐತಿಲ್ರಿ?" ಎಂದಳು.

ಅವಳ ಕೊನೆಯ ಪರೀಕ್ಷೆಗಳು ಮುಗಿದವು. ಅನುದಾನದ ಪತ್ರದ ಪ್ರಕಾರ ಕಾಲೇಜಿನಲ್ಲಿ ಓದುವವರಷ್ಟೇ ಮ್ಯಾಟಿನ ಮೇಲೆ ಇಳಿಯಬೇಕು. ಅವಳು ಈಗಲೂ ಬರುತ್ತಾಳೆ. ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಂತು ಉಳಿದವರಿಗೆ ಹೇಳಿಕೊಡುತ್ತಾಳೆ. ಅವಳನ್ನು ಸಹಾಯಕ ತರಬೇತುದಾರಳನ್ನಾಗಿ ಮಾಡಿಕೊಳ್ಳಿ ಎಂದು ಮೂರು ಪತ್ರ ಬರೆದಿದ್ದೇನೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಒಂದಕ್ಕೆ ಮಾತ್ರ ಬಂದಿದೆ.

ಕಳೆದ ಐತವಾರ ಮುದ್ದೇಬಿಹಾಳದ ಹುಡುಗಿಗೆ ಸೊಂಟದ ಪಟ್ಟು ಕೂಡಿ ಬರುತ್ತಿರಲಿಲ್ಲ. ಇವಳು ಅಂಚಿನಿಂದ ಎರಡು ಸಲ ಹೇಳಿದಳು, ಮೂರು ಸಲ ಹೇಳಿದಳು. ಆಮೇಲೆ, "ಹಂಗಲ್ಲವಾ, ಆ ಕಡೆ ಸರಿ," ಎನ್ನುತ್ತ ಮ್ಯಾಟಿನ ಮೇಲೆ ಇಳಿದುಬಿಟ್ಟಳು. ಬಾಗೇವಾಡಿಯ ಸಹೋದ್ಯೋಗಿ ನನ್ನ ಮುಖ ನೋಡಿದರು. ನಾನು ಎದ್ದುಹೋಗಿ ಸಭಾಂಗಣದ ಬಾಗಿಲು ಒಳಗಿನಿಂದ ಮುಚ್ಚಿದೆ.