ಸೆರಗಿನ ಮೂಲೆಗೆ ಹಚ್ಚಿದ ಅರಿಶಿನ

ನನ್ನ ಸೊಸೆ ಮೊಬೈಲಿನಲ್ಲಿ ಸೀರೆ ಮಾರುತ್ತಾಳೆ. ಸೇಲಂನಲ್ಲಿ ನಮ್ಮ ಬೀದಿಯವರು ನೇಯ್ದದ್ದನ್ನು ಫೋಟೋ ತೆಗೆದು ಹಾಕುತ್ತಾಳೆ, ಎಲ್ಲೆಲ್ಲಿಯವರೋ ಕೊಳ್ಳುತ್ತಾರೆ. ಆ ಫೋಟೋಗಳ ಪಕ್ಕದಲ್ಲಿ ಒಂದು ಚಿಕ್ಕ ನೀಲಿ ಗುರುತು ಇತ್ತು. ಬ್ಯಾಡ್ಜ್ ಅಂತಾರೆ. ಕಾಸು ಕೊಟ್ಟು ಹಾಕಿಸಿಕೊಂಡಿದ್ದಾಳೆ ಅಂದುಕೊಂಡಿದ್ದೆ.

"ದುಡ್ಡಿಗೆ ಸಿಕ್ಕಲ್ಲ ಅತ್ತೆ," ಅಂದಳು. "ಆರ್ಡರ್ ಬಂದ ದಿನಾನೇ ಕಳಿಸ್ಬೇಕು. ತಗೊಂಡೋರು ಸ್ಟಾರ್ ಕೊಡ್ಬೇಕು. ಸೀರೆ ವಾಪಸ್ ಬರ್ಬಾರ್ದು. ಎಲ್ಲ ಸರಿಯಾಗಿದ್ರೆ ತಾನಾಗೇ ಬತ್ತೈತೆ. ಅದಿದ್ರೆ ಯಾರು ಸೀರೆ ಉಡುಕಿದ್ರೂ ನಮ್ದೇ ಮೊದ್ಲು ಕಾಣ್ತೈತೆ."

"ಕೊಡೋರು ಯಾರು?"

"ಯಾರೂ ಇಲ್ಲ. ಕಂಪ್ಯೂಟರ್ ಲೆಕ್ಕ ಆಕ್ತೈತೆ. ಅದರತ್ರ ಓಗಿ ಅತ್ತು ಕೇಳಕ್ಕೂ ಆಗಲ್ಲ."

ಆ ಗುರುತಿಗಾಗಿ ಅವಳು ಜ್ವರದಲ್ಲೂ ಕೂತು ಪಾರ್ಸೆಲ್ ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಹೋದ ದೀಪಾವಳಿಗೆ ಮುಂಚೆ ನಲ್ಲಂಪಳ್ಳಿಯಲ್ಲಿ ಅವಳ ತಾಯಿಗೆ ಒಂದು ಕಣ್ಣಿನ ಆಪರೇಷನ್ ಆಯಿತು. ಸೊಸೆ ಒಂದು ವಾರ ಅಲ್ಲಿಗೆ ಹೋದಳು. ಸೀರೆ ಮಡಿಸಿ ಕಟ್ಟುವ ಕೆಲಸ ನನಗೆ, ವಿಳಾಸದ ಚೀಟಿ ಅಂಟಿಸುವುದು ಮಗನಿಗೆ.

ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಯಾರೂ ಉಡುವುದಿಲ್ಲ. ಮನೆಗೇ ಬಂದು ಮದುವೆ ಸೀರೆ ಕೊಂಡವರಿಗೆ ನನ್ನ ಅತ್ತೆ ಹಚ್ಚಿಯೇ ಕೊಡುತ್ತಿದ್ದಳು, ನಾನೂ ಹಾಗೇ ಕೊಟ್ಟವಳು. ಸೊಸೆ ಮಾತ್ರ ಕಾಗದ ಸುತ್ತಿ ಬೋಳು ಬೋಳಾಗಿ ಕಳಿಸುತ್ತಿದ್ದಳು. ನನಗೆ ಅದು ಹಿಡಿಸುತ್ತಿರಲಿಲ್ಲ. ಹಬ್ಬಕ್ಕೆ ಉಡುವ ಸೀರೆ, ಯಾರ ಮನೆಯ ಹೆಣ್ಣುಮಗಳೋ. ಬಟ್ಟಲಲ್ಲಿ ಅರಿಶಿನ ಕಲಸಿಟ್ಟುಕೊಂಡು ಪ್ರತಿ ಸೀರೆಯ ಸೆರಗಿನ ಮೂಲೆಗೂ ಬೆರಳು ಒತ್ತಿದೆ. ಸೊಸೆಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾಳೆ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಅವಳು ಬರುವ ಹೊತ್ತಿಗೆ ಸೀರೆಗಳೂ ವಾಪಸ್ ಬರತೊಡಗಿದ್ದವು. ಕೊಂಡವರು ಬರೆದದ್ದನ್ನು ಮೊಬೈಲಿನಲ್ಲಿ ಓದಿದಳು. ಕಲೆ ಬಿದ್ದ ಸೀರೆ ಅಂತ ಒಬ್ಬರು. ಯಾರೋ ಉಟ್ಟು ಬಿಟ್ಟದ್ದನ್ನು ಕಳಿಸಿದ್ದಾರೆ ಅಂತ ಇನ್ನೊಬ್ಬರು. ಒಂದು ಪಾರ್ಸೆಲ್ ಬಿಚ್ಚಿದಳು, ಮತ್ತೊಂದು ಬಿಚ್ಚಿದಳು. ಎಲ್ಲದರಲ್ಲೂ ಅದೇ ಮೂಲೆ, ಅದೇ ಬೆರಳು. ತಲೆ ಎತ್ತಿ ನನ್ನನ್ನು ನೋಡಿದಳು.

ಎರಡು ಮೂರು ದಿನದಲ್ಲಿ ನೀಲಿ ಗುರುತು ಹೋಯಿತು.

"ಸೀಸನ್ ಟೈಮಲ್ಲಿ ಅವ್ವನ ಮನೇಲಿ ಓಗಿ ಕೂತ್ರೆ ಇಂಗೇ ಆಗೋದು," ಅಂತ ಮಗ ಅವಳ ಮೇಲೆ ಎಗರಿದ.

"ಅವಳ ಮ್ಯಾಲೆ ಯಾಕ್ಲಾ ಬೀಳ್ತೀಯ? ಅರಿಶಿನ ಅಚ್ಚಿದ್ದು ನಾನು," ಅಂದೆ.

"ನಿಂಗೇನವ್ವ ಗೊತ್ತು, ವಯಸ್ಸಾದೋಳು. ಗೊತ್ತಿರೋಳು ಮನೇಲಿರ್ಬೇಕಿತ್ತು."

ತಪ್ಪು ನನ್ನದು, ಬೈಗುಳ ಅವಳಿಗೆ. ನಾನು ಒಂದು ಸೀರೆ ಎತ್ತಿಕೊಂಡು ಹೋಗಿ ಆ ಮೂಲೆಗೆ ಸೋಪು ಉಜ್ಜಿದೆ. ಹಳದಿ ಹೋಗಿ ರಕ್ತದ ಹಾಗೆ ಕೆಂಪಾಯಿತು.

"ಬಿಡಿ ಅತ್ತೆ. ಅರಿಶಿನಕ್ಕೆ ಸೋಪು ಬಿದ್ರೆ ಕೆಂಪಾಗ್ತೈತೆ."

ನನಗೆ ಗೊತ್ತಿಲ್ಲದ್ದಲ್ಲ. ಸುಮ್ಮನೆ ಕೂರಲು ಆಗಲಿಲ್ಲ, ಅಷ್ಟೆ.

ಆಮೇಲೆ ಅವಳ ಸೀರೆಗಳು ಎಲ್ಲೋ ಕೆಳಗೆ ಹೋಗಿ ಕೂತವು. ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಹೋದರೂ ಸಿಗುತ್ತಿರಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು, ಬಂದ ಒಂದೊಂದು ಆರ್ಡರನ್ನೂ ಅದೇ ದಿನ ಕಳಿಸುತ್ತಾ. ಹಾಗಿರುವಾಗ, ಪೊಂಗಲ್ ಕಳೆದ ಮೇಲೆ, ಅವಳ ತಾಯಿಯ ಇನ್ನೊಂದು ಕಣ್ಣಿಗೆ ಆಪರೇಷನ್ ಅಂತ ಫೋನ್ ಬಂತು.

"ಓಗಿ ಬಾ," ಅಂದೆ.

"ಪ್ಯಾಕಿಂಗ್ ಯಾರು ಮಾಡ್ತಾರೆ?"

"ನಾನಿಲ್ವಾ?"

"ಬ್ಯಾಡ ಅತ್ತೆ."

ಮೆತ್ತಗೇ ಅಂದಳು. ಬೈದಿದ್ದರೆ ವಾಸಿಯಿತ್ತು. ನಮ್ಮವ್ವನ ಕಣ್ಣಿಗಿಂತ ಆ ಗುರುತು ಹೆಚ್ಚಾ ಅಂತ ಅವಳು ತನ್ನನ್ನೇ ಕೇಳಿಕೊಂಡಿರುತ್ತಾಳೆ. ಅಂಥ ಕಡೆಗೆ ಅವಳನ್ನು ತಂದು ನಿಲ್ಲಿಸಿದವಳು ನಾನು.

"ಅಂಗಾರೆ ನೀನು ಇಲ್ಲಿರು. ನಿಮ್ಮವ್ವನತ್ರ ನಾನು ಓಗ್ತೀನಿ."

"ನೀವಾ?" ಅಂದಳು. ಆವತ್ತಿಂದ ಮೊದಲ ಸಲ ಅವಳಿಗೆ ನಗು ಬಂತು. ಯಾಕೆಂದರೆ ನನಗೂ ನನ್ನ ಬೀಗಿತಿಗೂ ಆಗಿಬರುವುದಿಲ್ಲ. ಮದುವೆಯಲ್ಲಿ ನಮ್ಮ ಸಾಂಬಾರಿಗೆ ಉಪ್ಪಿಲ್ಲ ಅಂದವಳು ಅವಳು.

ಬಸ್ಸು ಹತ್ತಿ ನಲ್ಲಂಪಳ್ಳಿಗೆ ಹೋದೆ. ಬೀಗಿತಿ ಆಪರೇಷನ್ ಆದ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಬಾಗಿಲ ಸದ್ದಿಗೆ, "ಬಂದ್ಯೇನವ್ವ?" ಅಂದಳು. ಮಗಳು ಅಂದುಕೊಂಡಿದ್ದಳು.

"ನಿನ್ ಮಗಳಲ್ಲ. ನಾನು."

ಎದ್ದು ಕೂತು, ಇನ್ನೊಂದು ಕಣ್ಣಲ್ಲಿ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ಯಾಕೆ, ಅವಳ್ನ ಕಳಿಸಲಿಲ್ವಾ?"

"ಅವಳು ಬರದಂಗೆ ಮಾಡಿದ್ದೇ ನಾನು. ಯಾಕೆ ಅಂತ ಆಮೇಲೆ ಏಳ್ತೀನಿ. ತಲೆ ಇಂದಕ್ಕೆ ಆಕು, ಕಣ್ಣಿಗೆ ಮದ್ದು ಬಿಡ್ತೀನಿ."

ಅವಳು ನನ್ನ ಬೆರಳನ್ನೇ ನೋಡಿ, "ಕೈ ತೊಳೆದ್ಯಾ?" ಅಂದಳು.

ತೊಳೆದಿದ್ದೆ. ಆದರೂ ಹೋಗಿ ಇನ್ನೊಂದು ಸಲ ತೊಳೆದು ಬಂದೆ.